ಕೊಕ್ಕರೆಯ ಕೊರಳಿಗೆ ಹತ್ತಿದ ಹೂ

ಕೊಕ್ಕರೆಯ ಮೈಯಲ್ಲಿ ಮೊದಲ ಹೂ ಕಂಡಾಗ ನಾನು ಮೂರನೇ ಮಹಡಿಯ ಎತ್ತರದಲ್ಲಿ ಹಗ್ಗಕ್ಕೆ ಜೋತುಬಿದ್ದು ನೀರಿನ ಪೈಪಿಗೆ ಬೈಯುತ್ತಿದ್ದೆ. ಬೈಯಲು ನನಗೆ ಎದುರಿಗೆ ಮನುಷ್ಯರೇ ಇರಬೇಕೆಂದಿಲ್ಲ. ಪೈಪಿಗೂ ಬೈಯುತ್ತೇನೆ, ಗಾಳಿಗೂ ಬೈಯುತ್ತೇನೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆ ಹೂ ಕಂಡಾಗ ಮಾತ್ರ ಬಾಯಿ ತಾನಾಗಿ ಮುಚ್ಚಿಕೊಂಡಿತು. ಬೂದಿ ಬಣ್ಣದ ಎಲೆಗಳ ನಡುವಿನಿಂದ ಬೆರಳುದ್ದದ ಕೆಂಪು ದಂಟು, ಅದರ ತುದಿಗೆ ನೇರಳೆ ಹೂ. ಅಲ್ಲೊಂದು, ಅದರ ಮೇಲೊಂದು, ಅದರ ಮೇಲೆ ಇನ್ನೆರಡು.

ಕೊಕ್ಕರೆ ಎಂದರೆ ಹಾರುವ ಕೊಕ್ಕರೆಯಲ್ಲ. ಆರು ಮಹಡಿಯ ಹಳೆಯ ಕಟ್ಟಡವೊಂದರ ಪಕ್ಕದ ಗೋಡೆಗೆ ಉಕ್ಕಿನ ಜಾಲರಿಯಲ್ಲಿ ಕಟ್ಟಿದ ಹಕ್ಕಿ. ಕಾಲು ನೆಲದ ಹತ್ತಿರ, ಹೊಟ್ಟೆ ಎರಡು ಮೂರನೇ ಮಹಡಿಯ ಮೇಲೆ, ಕೊರಳು ನಾಲ್ಕು ಐದನ್ನು ದಾಟಿ, ಕೊಕ್ಕು ಟೆರೇಸಿನ ಅಂಚಿಗೆ. ಜಾಲರಿಯ ತುಂಬ ನಾಲ್ಕು ಸಾವಿರ ಗಾಳಿಗಿಡಗಳು. ಇವಕ್ಕೆ ಮಣ್ಣು ಬೇಡ. ಬೇರು ಇರುವುದು ಹಿಡಿದುಕೊಳ್ಳಲಿಕ್ಕೆ ಮಾತ್ರ. ಊಟ, ನೀರು, ಉಸಿರು ಎಲ್ಲವೂ ಎಲೆಯಿಂದಲೇ. ಗಾಳಿಯಲ್ಲಿ ಏನಿದೆಯೋ ಅದೇ ಇವುಗಳ ಹೊಟ್ಟೆಗೆ ಹೋಗುತ್ತದೆ.

ಇದನ್ನು ಮಾಡಿದ ಶಿಲ್ಪಿ ದೊಡ್ಡ ಮನುಷ್ಯರು. ಊರಿನ ಗೋಡೆಗಳಿಗೆ ಉಸಿರು ಕೊಡುತ್ತೇನೆ ಎಂದು ಸಭೆಗಳಲ್ಲಿ ಕಣ್ಣು ಮುಚ್ಚಿಕೊಂಡು ಮಾತಾಡುವವರು. ಅವರ ಬೆನ್ನ ಹಿಂದೆ ನಾನು ಅವರಿಗೆ ಇಟ್ಟ ಹೆಸರು ಗಾಳಿಗುರು. ಎತ್ತರದ ಕಟ್ಟಡಗಳ ಗಾಜು ಒರೆಸಿಕೊಂಡಿದ್ದ ನನ್ನನ್ನು ಕರೆದು ಈ ಕೆಲಸ ಕಲಿಸಿದ್ದೂ ಅವರೇ, ಅದನ್ನು ಇಲ್ಲ ಎನ್ನಲಾರೆ. ವಾರಕ್ಕೆರಡು ದಿನ ಟೆರೇಸಿನಿಂದ ಹಗ್ಗದಲ್ಲಿ ಇಳಿಯಬೇಕು. ಮಂಜಿನ ಹಾಗೆ ನೀರು ಹೊಡೆಯಬೇಕು. ಸತ್ತ ಗಿಡ ಕಿತ್ತು ಹೊಸದನ್ನು ಮೀನಿನ ಗಾಳದ ದಾರದಿಂದ ಕಟ್ಟಬೇಕು. ತಾಮ್ರದ ತಂತಿ ಮುಟ್ಟಿಸಕೂಡದು, ಮುಟ್ಟಿಸಿದರೆ ತಿಂಗಳೊಳಗೆ ಗಿಡ ಕಪ್ಪಾಗುತ್ತದೆ.

ಆ ಕಟ್ಟಡದ ನಾಲ್ಕನೇ ಮಹಡಿಯಲ್ಲಿ, ಕೊಕ್ಕರೆಯ ಕೊರಳು ಶುರುವಾಗುವಲ್ಲಿ, ನನ್ನ ಅಕ್ಕನ ಮನೆ. ಅಕ್ಕನಿಗೆ ಆಗ ಆರು ತಿಂಗಳು. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಎರಡನೇ ಸಲ ಅವಳು ನಾಲ್ಕು ದಿನ ಗೋಡೆ ಕಡೆ ತಿರುಗಿ ಮಲಗಿದ್ದವಳು ಐದನೇ ದಿನ ಎದ್ದು ಮನೆಯ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆದಳು. ಇದು ಮೂರನೆಯದು. ಹಾಸಿಗೆ ಬಿಟ್ಟು ಏಳಲೇಬಾರದು ಎಂದು ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕನೇ. ಆ ಮಗು ಉಳಿಯಬೇಕು, ಅಷ್ಟೇ. ಆ ಚಳಿಗಾಲದಲ್ಲಿ ನನಗಾಗಲಿ, ಬಸ್ಸು ಓಡಿಸುವ ಭಾವನಿಗಾಗಲಿ ಬೇರೆ ಆಸೆ ಇರಲಿಲ್ಲ.

ಹೂ ಕಂಡವಳೇ ನಾನು ಹಗ್ಗದಲ್ಲಿ ಮೇಲೇರಿ ಅಕ್ಕನ ಕಿಟಕಿ ತಟ್ಟಿದೆ. ಅಕ್ಕ ದಿಂಬಿಗೆ ಒರಗಿಕೊಂಡಿದ್ದವಳು ಕೈ ಚಾಚಿ ಕಿಟಕಿ ಸರಿಸಿದಳು.

“ಏನೇ ಕೋತಿ, ಬಾಗಿಲಿಂದ ಬರೋ ಅಭ್ಯಾಸನೇ ಇಲ್ವಾ ನಿಂಗೆ?”

“ಅಕ್ಕಾ, ಹಕ್ಕಿ ಹೂ ಬಿಟ್ಟಿದೆ! ನಿನ್ನ ಕಿಟಕಿಯಿಂದ ಒಂದು ಆಳು ಕೆಳಗೆ!”

“ಸುಳ್ಳು ಹೇಳ್ಬೇಡ.”

ಫೋನಿನಲ್ಲಿ ಪಟ ತೆಗೆದು ತೋರಿಸಿದೆ. ಅವಳ ಮುಖ ಅರಳಿದ್ದನ್ನು ನೋಡಿ ನನಗೆ ಹೊಟ್ಟೆ ತುಂಬಿದಂತಾಯಿತು. “ನನ್ನ ಕಿಟಕಿ ತನಕ ಹತ್ತಿಸ್ತೀಯೇನೇ? ಮಗು ಹುಟ್ಟಿದ್ಮೇಲೆ ಮೊದಲು ಅದನ್ನೇ ತೋರಿಸ್ತೀನಿ,” ಎಂದಳು. ಹತ್ತಿಸುತ್ತೇನೆ ಎಂದೆ. ಗಿಡ ನನ್ನ ಮಾತು ಕೇಳುತ್ತದೆ ಎಂಬಂತೆ ಹೇಳಿದೆ. ನೀರಿನ ತುಂತುರು ಒಳಗೆ ಬಂದು ಅವಳಿಗೆ ಶೀತವಾದೀತೆಂದು ಕಿಟಕಿ ಮುಚ್ಚಿಸಿದವಳೂ ನಾನೇ. “ಈ ಚಳೀಲಿ ತೆಗೀಲೇಬೇಡ ಅಕ್ಕಾ, ಬೆಚ್ಚಗಿರು,” ಎಂದು ಎರಡೆರಡು ಸಲ ಹೇಳಿ ಕೆಳಗಿಳಿದೆ.

ಹೂ ಯಾಕೆ ಬಂತೆಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ, ಯಾಕೆಂದರೆ ನನಗೆ ಗೊತ್ತು ಅಂದುಕೊಂಡಿದ್ದೆ. ನಮ್ಮ ಕಸುಬಿನಲ್ಲಿ ಒಂದು ಗುಟ್ಟಿದೆ. ಗಾಳಿಗಿಡ ಬದುಕಿನಲ್ಲಿ ಒಂದೇ ಸಲ ಹೂ ಬಿಡುವುದು. ಬಿಟ್ಟ ಮೇಲೆ ಪಕ್ಕದಲ್ಲಿ ಮರಿ ಹಾಕಿ ಮೆಲ್ಲಗೆ ಸಾಯುತ್ತದೆ. ಅದು ಯಾವಾಗ ಬಿಡುತ್ತದೋ ಹೇಳಲಿಕ್ಕಾಗದು, ಐದು ವರ್ಷ ಸುಮ್ಮನೆ ಇದ್ದರೂ ಇರಬಹುದು. ಅವಸರವಿದ್ದರೆ ಗಿಡವನ್ನು ಚೆನ್ನಾಗಿ ಹಣ್ಣಾದ ಸೇಬಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಹತ್ತು ದಿನ ಇಡಬೇಕು. ಹಣ್ಣು ಬಿಡುವ ಉಸಿರಿಗೆ ಗಿಡ ಮೋಸಹೋಗಿ, ಎರಡು ಮೂರು ತಿಂಗಳಲ್ಲಿ ಹೂ ತೆಗೆಯುತ್ತದೆ. ಶಿಲ್ಪಿಯ ಷೆಡ್ಡಿಗೆ ಕಾಲಿಟ್ಟರೆ ಸೇಬಿನ ವಾಸನೆ ಮೂಗಿಗೆ ಅಡರುವುದು ಅದಕ್ಕೇ. ಕೆಲಸ ಕಲಿಸುವಾಗ ಅವರು ಒಂದು ಮಾತು ಹೇಳಿದ್ದರು. “ಸೇಬೇ ಆಗ್ಬೇಕಂತಿಲ್ಲಮ್ಮಾ. ಹೊಗೆ ಕೊಟ್ರೂ ಬಿಡತ್ತೆ. ಹಿಂದೆ ತೋಟದವ್ರು ಗಾಜಿನ ಮನೇಲಿ ಹೊಗೆ ಹಾಕಿ ಹೂ ಬಿಡಿಸ್ತಿದ್ರು. ಆದ್ರೆ ಈ ಮಾತೆಲ್ಲ ಷೆಡ್ಡಿನ ಬಾಗಿಲು ದಾಟ್ಬಾರ್ದು. ನಮ್ದು ಸಹಜ ಕಲೆ ಅಂತ ಜನ ನಂಬಿದಾರೆ.”

ಆ ಚಳಿಗಾಲದಲ್ಲಿ ಒಂದು ದೊಡ್ಡ ಬಹುಮಾನದವರು ಕೊಕ್ಕರೆಯನ್ನು ನೋಡಲು ಬರುವವರಿದ್ದರು. ಅಷ್ಟರಲ್ಲಿ ನಾಲ್ಕು ಹೂ ಕಂಡರೆ ಚೆನ್ನ ಎಂದು ಶಿಲ್ಪಿ ಗೊಣಗಿದ್ದನ್ನು ಕೇಳಿದ್ದೆ. ಹಾಗಾಗಿ ಲೆಕ್ಕ ಸರಿಹೋಯಿತು. ನಾನಿಲ್ಲದ ಭಾನುವಾರ ಗಾಳಿಗುರುಗಳು ಗಾಜು ಒರೆಸುವವರು ಬಳಸುವ ತೂಗುತೊಟ್ಟಿಲಿನಲ್ಲಿ ಇಳಿದು, ಸೇಬಿನ ಚೀಲದಲ್ಲಿಟ್ಟ ಗಿಡಗಳನ್ನು ತಂದು ಸಿಕ್ಕಿಸಿದ್ದಾರೆ. ಭೇಷ್ ಎಂದುಕೊಂಡೆ.

ಮಾರನೆಯ ದಿನ ಶಿಲ್ಪಿ ಪತ್ರಿಕೆಯ ಹೆಂಗಸೊಬ್ಬಳನ್ನು ಕರೆದುಕೊಂಡು ಬಂದರು. ರಸ್ತೆಯಲ್ಲಿ ಜನ ತಲೆಯೆತ್ತಿ ನಿಂತಿದ್ದರು. ಹಕ್ಕಿಗೆ ಜೀವ ಬಂತು ಎಂದು ಯಾರೋ ಹೇಳಿದರು. “ಹೇಗೆ ಸಾಧ್ಯ ಆಯ್ತು ಸರ್, ಇಷ್ಟು ಬೇಗ?” ಎಂದು ಆಕೆ ಕೇಳಿದಳು. ಶಿಲ್ಪಿ ನನ್ನ ಭುಜದ ಮೇಲೆ ಕೈಯಿಟ್ಟು, “ಎಲ್ಲಾ ಇವಳ ಕೈಗುಣ,” ಎಂದರು. ಹೇಳಿ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ನಾನೂ ಮಿಟುಕಿಸಿದೆ. ನಿಮ್ಮ ಗುಟ್ಟು ನನ್ನ ಹತ್ತಿರ ಭದ್ರ ಸ್ವಾಮೀ ಎಂಬ ಅರ್ಥದಲ್ಲಿ. ಮಾರನೇ ದಿನದ ಪತ್ರಿಕೆಯಲ್ಲಿ ನನ್ನ ಪಟ ಬಂತು, ಹಗ್ಗದ ಸಮೇತ. ಭಾವ ಅದನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದರು. ನಾನು ಉಬ್ಬಿಹೋದೆ. ಹತ್ತು ವರ್ಷ ಗಾಜು ಒರೆಸಿದಾಗ ಒಂದು ನರಪಿಳ್ಳೆಯೂ ನನ್ನ ಮುಖ ನೋಡಿರಲಿಲ್ಲ. ಈಗ ತರಕಾರಿ ಅಂಗಡಿಯವನು ಕೂಡ “ಹೂವಿನಕ್ಕಾ” ಎಂದು ಕರೆಯುತ್ತಿದ್ದ.

ಹೂ ಮೇಲೇರುತ್ತ ಹೋಯಿತು. ಆಮೇಲೆ ಕುಳಿತು ಯೋಚಿಸಿದರೆ ಅದು ಏರಿದ ರೀತಿಯೇ ಸರಿಯಿರಲಿಲ್ಲ. ಹಕ್ಕಿಯ ರೆಕ್ಕೆಯಲ್ಲಿ ಇಲ್ಲ, ಬಾಲದಲ್ಲಿ ಇಲ್ಲ. ಹೊಟ್ಟೆಯಿಂದ ಶುರುವಾಗಿ ನೇರ ಕೊರಳಿಗೆ, ಎರಡು ಗೇಣು ಅಗಲದ ಕೆಂಪು ಪಟ್ಟಿ. ಯಾರೋ ನೂಲು ಹಿಡಿದು ಎಳೆದಂತಿತ್ತು. ಕಲಾವಿದರ ತಲೆ, ಹೀಗೇ ಬೇಕೆಂದು ಮಾಡಿರುತ್ತಾರೆ ಎಂದುಕೊಂಡೆ. ಹನ್ನೆರಡನೇ ದಿನ ಅಕ್ಕನ ಕಿಟಕಿಯ ಕೆಳಗಿನ ಅಂಚಿಗೆ ಬಂತು. ಹದಿನೆಂಟನೇ ದಿನ ಕಿಟಕಿಯ ಪಕ್ಕಕ್ಕೆ.

ಅಕ್ಕನಿಗೆ ಅದೇ ದಿನಗಳಲ್ಲಿ ತಲೆನೋವು ಶುರುವಾಯಿತು. ಬೆಳಿಗ್ಗೆ ಎದ್ದರೆ ತಲೆಭಾರ, ವಾಕರಿಕೆ, ಕೂತಲ್ಲೇ ತೂಕಡಿಕೆ. ಬಸುರಿಗೆ ಇದೆಲ್ಲ ಇದ್ದದ್ದೇ ಎಂದು ಎಲ್ಲರೂ ಅಂದರು. ಭಾವನಿಗೂ ವಾರದ ರಜೆಯ ದಿನ ತಲೆ ಸಿಡಿಯುತ್ತಿತ್ತು. ಅಕ್ಕ ಅದನ್ನೂ ತಮಾಷೆ ಮಾಡಿದಳು. “ನೋಡೇ, ಆರು ದಿನ ಹೊರಗೆ ಹಾರ್ನ್ ಕೇಳ್ತಾ ಆರಾಮಾಗಿರ್ತಾರೆ. ಒಂದು ದಿನ ನನ್ನ ಮುಖ ನೋಡಿದ್ರೆ ತಲೆನೋವು!”

“ನಿನ್ನ ಮುಖ ಅಲ್ಲ ಕಣೇ, ನಿನ್ನ ಬಾಯಿ,” ಎಂದರು ಭಾವ. ಮೂವರೂ ನಕ್ಕೆವು.

ತಪಾಸಣೆಗೆಂದು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಅಲ್ಲಿ ತಲುಪಿ ಒಂದೆರಡು ಗಂಟೆ ಕಾಯುವಷ್ಟರಲ್ಲಿ ಅವಳು ಚೇತರಿಸಿಕೊಂಡು ಪಕ್ಕದವರ ಜೊತೆ ಹರಟೆ ಹೊಡೆಯುತ್ತಿದ್ದಳು. ಡಾಕ್ಟರಮ್ಮ ನೋಡಿ, ಎಲ್ಲ ಸರಿಯಿದೆ, ಮನೆಗೆ ಹೋಗಿ ಮಲಗಿ ಎಂದರು. ಕರೆತಂದು ಅದೇ ಕೋಣೆಯಲ್ಲಿ ಮಲಗಿಸಿದೆವು.

ಕಟ್ಟಡದ ಉಸ್ತುವಾರಿ ನೋಡುವ ಮುದುಕನೊಬ್ಬನಿದ್ದ. ಸೊಂಟಕ್ಕೆ ಸದಾ ಬೀಗದಕೈ ಗೊಂಚಲು, ಹಾಗಾಗಿ ಎಲ್ಲರಿಗೂ ಬೀಗದ ತಾತ. ಎಲ್ಲ ಮನೆಗಳಿಗೂ ಬಿಸಿನೀರು ಕೊಡುವ ಬಾಯ್ಲರ್ ನೆಲಮಾಳಿಗೆಯಲ್ಲಿ ಅವನ ಕೈಯಲ್ಲಿತ್ತು. ಒಂದು ದಿನ ನಾನು ಮೆಟ್ಟಿಲ ಬಳಿ ಹಗ್ಗ ಸುತ್ತುತ್ತಿದ್ದಾಗ ಬಂದು ನಿಂತ.

“ನಿಮ್ಮ ಹಕ್ಕಿ ಬಂದಾಗಿಂದ ನಮ್ಮ ಬಾಯ್ಲರ್ ಸರಿ ಉಸಿರಾಡ್ತಿಲ್ಲ ಕಣಮ್ಮಾ. ಉರಿ ನೀಲಿ ಇರ್ತಿತ್ತು, ಈಗ ಹಳದಿ ಆಗಿದೆ.”

“ಹಕ್ಕಿಗೂ ಬಾಯ್ಲರಿಗೂ ಏನ್ ತಾತಾ ಸಂಬಂಧ? ಒಳಗೆ ಹೋಗಿ ಮೊಟ್ಟೆ ಇಟ್ಟಿದ್ಯಾ?”

“ನಗ್ಬೇಡ. ಮೇಲ್ನವ್ರಿಗೆ ಎರಡು ಸಲ ಹೇಳಿದೆ. ರಿಪೇರಿಯವನನ್ನ ಕಳಿಸ್ತೀವಿ ಅಂದ್ರು, ಇವತ್ತಿನ್ತನಕ ಅವನ ಸುಳಿವಿಲ್ಲ.”

ತಾತನಿಗೆ ಯಾವುದಾದರೊಂದು ದೂರು ಇಲ್ಲದಿದ್ದರೆ ಅನ್ನ ಇಳಿಯದು ಎಂದುಕೊಂಡು ನಾನು ಟೆರೇಸಿಗೆ ಹತ್ತಿದೆ.

ಇನ್ನೊಂದು ವಿಷಯವಿದೆ, ಅದನ್ನೂ ಹೇಳಿಬಿಡುತ್ತೇನೆ. ಇಪ್ಪತ್ತಮೂರನೇ ದಿನ ಕೊರಳಿನ ಹತ್ತಿರ ನೀರು ಹೊಡೆಯುವಾಗ ಹೂ ಬಿಟ್ಟ ಗಿಡವೊಂದರ ಬುಡ ನೋಡಿದೆ. ಅದಕ್ಕೆ ಕಟ್ಟಿದ್ದ ದಾರದ ಗಂಟು ನನ್ನದು. ನಾನು ಎಡಗೈಯಿಂದ ಎರಡು ಸುತ್ತು ಹಾಕಿ ಕಟ್ಟುತ್ತೇನೆ, ಶಿಲ್ಪಿಯ ಗಂಟು ಬೇರೆ ಥರ. ಪಕ್ಕದ್ದನ್ನು ನೋಡಿದೆ. ಅದೂ ನನ್ನದೇ. ಅದರ ಮೇಲಿನದೂ ನನ್ನದೇ. ಮೂರು ತಿಂಗಳ ಹಿಂದೆ ನಾನು ಕಟ್ಟಿದ ಗಿಡಗಳು ಇದ್ದಲ್ಲೇ ಇದ್ದವು. ಯಾರೂ ಬಿಚ್ಚಿರಲಿಲ್ಲ, ಯಾರೂ ಬದಲಿಸಿರಲಿಲ್ಲ. ಹಾಗಾದರೆ ಇವು ಹೂ ಬಿಟ್ಟದ್ದು ಹೇಗೆ ಎಂಬ ಪ್ರಶ್ನೆ ನಾಲಿಗೆಯ ತುದಿಯವರೆಗೆ ಬಂತು. ಶಿಲ್ಪಿಗೆ ಫೋನು ಮಾಡಲು ಜೇಬಿಗೆ ಕೈ ಹಾಕಿದೆ. ಏನೆಂದು ಕೇಳಲಿ? ನಾನೇ ಬಿಡಿಸಿದೆ ಎಂದು ಊರೆಲ್ಲ ನಂಬಿದೆ, ಪತ್ರಿಕೆಯಲ್ಲಿ ಬಂದಿದೆ, ಈಗ ಹೋಗಿ ಇದು ಹೇಗಾಯಿತು ಸರ್ ಎಂದು ಕೇಳಿದರೆ ನನ್ನ ಮರ್ಯಾದೆ ಏನಾಗಬೇಕು? ನಿಜಕ್ಕೂ ಇದು ನನ್ನ ಕೈಗುಣವೇ ಇರಬಹುದಲ್ಲ ಎಂದೂ ಒಂದು ಮನಸ್ಸು ಅಂದಿತು. ಮೂರ್ಖತನಕ್ಕೂ ಒಂದು ಮಿತಿ ಬೇಡವೇ? ಕೈಯನ್ನು ಜೇಬಿನಿಂದ ತೆಗೆದೆ.

ಬಹುಮಾನದವರು ಬರಲು ಎರಡು ದಿನವಿದ್ದಾಗ ಶಿಲ್ಪಿ ನನ್ನನ್ನು ಷೆಡ್ಡಿಗೆ ಕರೆಸಿದರು. ಅದು ಮೂವತ್ತೆರಡನೇ ದಿನ. ಬೆಳಿಗ್ಗೆ ಹನ್ನೊಂದು ಗಂಟೆ. ಚಳಿ, ಎಲೆಯೂ ಅಲ್ಲಾಡುತ್ತಿರಲಿಲ್ಲ. ಹೊಗೆ, ಮಂಜು ಎಲ್ಲ ನೆಲಕ್ಕೆ ಅಂಟಿಕೊಂಡು ಕೂತಿತ್ತು. ಶಿಲ್ಪಿ ನನಗೊಂದು ಸ್ಟೂಲು ಎಳೆದು ಕೊಟ್ಟು, ತಾವೇ ಟೀ ಬಗ್ಗಿಸಿ ಕೊಟ್ಟರು. ಅಷ್ಟು ಮರ್ಯಾದೆ ಹಿಂದೆ ಯಾವತ್ತೂ ಸಿಕ್ಕಿರಲಿಲ್ಲ.

“ನೋಡಮ್ಮಾ, ಇಷ್ಟು ದಿನ ನಾನು ಬಾಯಿ ಬಿಟ್ಟು ಕೇಳ್ಲಿಲ್ಲ. ಈಗ ಕೇಳ್ತೀನಿ. ಗೋಡೆ ಮೇಲೇ ಹೇಗೆ ಮಾಡ್ದೆ? ಅಲ್ಲೇ ಚೀಲ ಕಟ್ಟಿದ್ಯಾ? ಅಷ್ಟು ಸೇಬನ್ನ ಹೇಗೆ ಹೊತ್ಕೊಂಡು ಇಳಿದೆ?”

ನಾನು ಬಾಯಿಗಿಟ್ಟ ಟೀ ಲೋಟವನ್ನು ಕೆಳಗಿಳಿಸಿದೆ. “ಯಾರು ಸರ್?”

“ಇನ್ಯಾರು, ನೀನು. ತಲೆಗೂ ನಾಲ್ಕು ಹೂ ಬಂದ್ರೆ ಚೆನ್ನಾಗಿರತ್ತೆ, ಅದಕ್ಕೇ ಕೇಳ್ದೆ.”

“ನಾನೇನೂ ಮಾಡಿಲ್ಲ ಸರ್. ಮಾಡಿದ್ದು ನೀವಲ್ವಾ?”

“ತಮಾಷೆ ಮಾಡ್ತಿದೀಯಾ? ಮಂಡಿನೋವು ಬಂದಾಗಿಂದ ನಾನು ಆ ಗೋಡೆ ಹತ್ತಿರ ಇಳಿದೇ ಇಲ್ಲ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಂದು ರಸ್ತೆಯಲ್ಲಿ ಕಣ್ಣು ಮಿಟುಕಿಸಿದ ಮುಖವೇ ಅದು, ಈಗ ಸುಣ್ಣದ ಹಾಗೆ ಬೆಳ್ಳಗಾಗುತ್ತಿತ್ತು. ಅವರು ಏನೂ ಮಾಡಿರಲಿಲ್ಲ. ನಾನೂ ಏನೂ ಮಾಡಿರಲಿಲ್ಲ. ಸೇಬೂ ಇಲ್ಲ, ಚೀಲವೂ ಇಲ್ಲ. ಆದರೂ ನೂರಾರು ಗಿಡ ನೆಟ್ಟಗೆ ಒಂದೇ ಸಾಲಿನಲ್ಲಿ ಹೂ ಬಿಟ್ಟಿದ್ದವು.

“ಹಾಗಾದ್ರೆ ಅವಕ್ಕೆ ಹೊಗೆ ಕೊಟ್ಟಿದ್ದು ಯಾರು?” ಎಂದರು ಶಿಲ್ಪಿ.

ಹಳದಿ ಉರಿ. ರಜೆಯ ದಿನದ ತಲೆನೋವು. ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುವ ಅಕ್ಕ. ಎಲ್ಲವೂ ಒಟ್ಟಿಗೆ ಬಂದು ತಲೆಗೆ ಬಡಿದವು. ಜಾಲರಿ ಕೂರಿಸುವಾಗ ನಾಲ್ಕನೇ ಮಹಡಿಯ ಕೆಳಗೆ ಒಂದು ಕಡೆ ನನ್ನ ಡ್ರಿಲ್ ಬೆಣ್ಣೆಗೆ ಇಳಿದಂತೆ ಇಳಿದುಹೋಗಿತ್ತು. ಒಳಗೆ ಟೊಳ್ಳಿದೆ ಸರ್ ಎಂದಿದ್ದೆ. ನಕ್ಷೆಯಲ್ಲಿ ಗಟ್ಟಿ ಗೋಡೆ ಅಂತಿದೆ, ಉದ್ದದ ಬೋಲ್ಟ್ ಹಾಕು ಎಂದಿದ್ದರು ಇದೇ ಶಿಲ್ಪಿ. ಹಾಕಿ, ಸುತ್ತ ಸಿಮೆಂಟು ಮೆತ್ತಿ, ಮುಂದಕ್ಕೆ ಹೋಗಿದ್ದೆ. ಹಳೆಯ ಕಟ್ಟಡದಲ್ಲಿ ಬಾಯ್ಲರಿನ ಹೊಗೆ ಮೇಲೆ ಹೋಗುವ ಹೊಗೆಗೂಡು ಗೋಡೆಯೊಳಗೇ ಇರುತ್ತದೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಅಕ್ಕನಿಗೆ ಫೋನು ಮಾಡಿದೆ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಮಾಡಿದೆ. ಮೂರನೇ ಸಲವೂ ಎತ್ತಲಿಲ್ಲ. ಎದ್ದು ಓಡಿದೆ. ಲೋಟ ಎಲ್ಲಿ ಬಿತ್ತೋ ಗೊತ್ತಿಲ್ಲ. ಶಿಲ್ಪಿ ಮಂಡಿನೋವನ್ನೂ ಮರೆತು ಹಿಂದೆಯೇ ಬಂದು ವ್ಯಾನು ತೆಗೆದರು. ದಾರಿಯುದ್ದಕ್ಕೂ ನಾನು ಎದುರು ಬಂದವರಿಗೆಲ್ಲ ಕಿಟಕಿಯಿಂದ ತಲೆ ಹಾಕಿ ಬೈದೆ. ಕೆಂಪು ದೀಪಕ್ಕೆ ಬೈದೆ. ಭಾವನಿಗೆ ಮಾಡಿದರೆ ಅವರ ಫೋನು ಡ್ಯೂಟಿಯಲ್ಲಿ ಬಂದ್ ಇರುತ್ತದೆ. ತಾತನಿಗೆ ಮಾಡಿ, “ಬಾಯ್ಲರ್ ಆರಿಸು ತಾತಾ, ಕಾಲಿಗೆ ಬೀಳ್ತೀನಿ, ಈಗ್ಲೇ ಆರಿಸು, ಆಂಬುಲೆನ್ಸಿಗೂ ಹೇಳು,” ಎಂದೆ. ಯಾಕೆಂದು ಅವನು ಕೇಳಲಿಲ್ಲ.

ಕಟ್ಟಡ ತಲುಪಿದಾಗ ಕೆಳಗೆ ನಾಲ್ಕೈದು ಜನ ನಿಂತು ಹೂವಿನ ಪಟ ತೆಗೆಯುತ್ತಿದ್ದರು. ನನ್ನ ಹತ್ತಿರ ಅಕ್ಕನ ಮನೆಯ ಬೀಗದಕೈ ಇತ್ತು. ಬೀಗ ತಿರುಗಿತು, ಬಾಗಿಲು ಅಲ್ಲಾಡಲಿಲ್ಲ. ಒಳಗಿನಿಂದ ಚಿಲಕ. ನಿಮ್ಮ ಕಿಟಕಿಯಿಂದ ಹೂ ನೋಡಬಹುದೇ ಎಂದು ಕಂಡಕಂಡವರು ಬಂದು ಬೆಲ್ಲು ಒತ್ತುತ್ತಾರೆಂದು ಅಕ್ಕ ಒಂದು ವಾರದಿಂದ, ಭಾವ ಹೋದ ಮೇಲೆ, ಏಳಬಾರದವಳು ಎದ್ದು ಚಿಲಕ ಹಾಕಿಕೊಳ್ಳುತ್ತಿದ್ದಳು. ಬಾಗಿಲು ಬಡಿದೆ, ಒದ್ದೆ, ಕೂಗಿದೆ. ತಾತ ಹಾರೆ ತರಲು ನೆಲಮಾಳಿಗೆಗೆ ಓಡಿದ. ಅವನ ವಯಸ್ಸಿಗೆ ನಾಲ್ಕು ಮಹಡಿ ಇಳಿದು ಹತ್ತಬೇಕು. ನಾನು ಕಾಯಲಿಲ್ಲ, ಟೆರೇಸಿಗೆ ಹತ್ತಿ ಪೆಟ್ಟಿಗೆಯಿಂದ ಹಗ್ಗ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕೊಂಡಿ ಎರಡು ಸಲ ತಪ್ಪಿತು.

ಕೊಕ್ಕರೆಯ ಕೊರಳಿನ ಮೇಲೆಯೇ ಇಳಿದೆ. ಬೂಟಿನ ಕೆಳಗೆ ಗಿಡಗಳು ನುಗ್ಗಾಗಿ ಜಾಲರಿಯಿಂದ ಕಿತ್ತು ಬಿದ್ದವು. ಕೆಳಗಿನವರು ಅಯ್ಯೋ ಅಯ್ಯೋ ಎಂದರು, ನನಗಾಗಿ ಅಲ್ಲ, ಹೂವಿಗಾಗಿ. ಕಿಟಕಿಯ ಗಾಜು ಒಳಗಿನಿಂದ ಬೆವೆತಿತ್ತು. ಕೈಯಿಂದ ಒರೆಸಿದರೆ ಏನೂ ಕಾಣದು. ಕೊಂಡಿಯಿಂದ ಬಡಿದು ಗಾಜು ಒಡೆದು ಒಳಗೆ ನುಗ್ಗಿದೆ. ಒಳಗೆ ಬೆಚ್ಚಗಿತ್ತು. ಯಾವ ವಾಸನೆಯೂ ಇರಲಿಲ್ಲ. ಅಕ್ಕ ಹಾಸಿಗೆ ಮತ್ತು ಕಿಟಕಿಯ ನಡುವೆ ನೆಲದ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದಳು, ಒಂದು ಕೈ ಹೊಟ್ಟೆಯ ಕೆಳಗೆ. ಕಿಟಕಿ ತೆಗೆಯಲೆಂದೇ ಎದ್ದಿರಬೇಕು. ಕೆನ್ನೆ ಚೆನ್ನಾಗಿ ಕೆಂಪೇರಿತ್ತು. ನಿದ್ದೆ ಮಾಡುತ್ತಿದ್ದಾಳೆ ಎನ್ನಬೇಕು, ಅಷ್ಟು ಕಳೆಯಿತ್ತು ಮುಖದಲ್ಲಿ.

“ಅಕ್ಕಾ, ಏಳೇ! ಏಳೇ ಅಕ್ಕಾ!”

ಕಂಕುಳಿಗೆ ಕೈ ಹಾಕಿ ಕಿಟಕಿಯ ಬಳಿಗೆ ಎಳೆದೆ, ಅವಳ ತಲೆಯನ್ನು ಒಡೆದ ಗಾಜಿನಾಚೆಯ ಗಾಳಿಗೆ ಹಿಡಿದೆ. ನನಗೂ ತಲೆ ತಿರುಗಲು ಶುರುವಾಗಿತ್ತು. ತಾತ ಹಾರೆಯಿಂದ ಬಾಗಿಲು ಮೀಟುವ ಸದ್ದು ಕೇಳಿಸುವ ಹೊತ್ತಿಗೆ ಅವಳು ಒಮ್ಮೆ ಕೆಮ್ಮಿದಳು. ಆ ಕೆಮ್ಮಿಗೆ ನನಗೆ ಜೀವ ಬಂತು.

ಆಸ್ಪತ್ರೆಯಲ್ಲಿ ಅವಳ ಮೂಗಿಗೆ ಆಮ್ಲಜನಕ ಹಾಕಿದರು. ಭಾವ ಬಸ್ಸನ್ನು ಯಾರಿಗೋ ಒಪ್ಪಿಸಿ ಯೂನಿಫಾರ್ಮಿನಲ್ಲೇ ಓಡಿ ಬಂದರು. ಸಂಜೆಗೆ ಅಕ್ಕ ಕಣ್ಣು ಬಿಟ್ಟಳು, ನಮ್ಮನ್ನು ಗುರುತಿಸಿದಳು, ನೀರು ಕೇಳಿದಳು. ಹೊಟ್ಟೆಗೆ ಯಂತ್ರವಿಟ್ಟು ನೋಡಿದಾಗ ಮಗುವಿನ ಎದೆಬಡಿತ ಕೇಳಿಸಿತು. ಭಾವ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟರು. ಡಾಕ್ಟರಮ್ಮ ಮಾತ್ರ ನಗಲಿಲ್ಲ. ನಮ್ಮಿಬ್ಬರನ್ನು ಹೊರಗೆ ಕರೆದು ನಿಧಾನವಾಗಿ ಹೇಳಿದರು.

“ಸರಿಯಾಗಿ ಉರಿಯದ ಬೆಂಕಿಯಿಂದ ಬರೋ ಗಾಳಿ ಇದು. ಬಣ್ಣ ಇಲ್ಲ, ವಾಸನೆ ಇಲ್ಲ. ಇವತ್ತೊಂದು ದಿನದ್ದಲ್ಲ, ತುಂಬಾ ದಿನದಿಂದ ಸ್ವಲ್ಪಸ್ವಲ್ಪ ಒಳಗೆ ಹೋಗಿದೆ. ತಾಯಿ ರಕ್ತದಿಂದ ಬೇಗ ಬಿಟ್ಟುಹೋಗತ್ತೆ. ಮಗು ರಕ್ತದಿಂದ ಅಷ್ಟು ಬೇಗ ಹೋಗಲ್ಲ. ಕಾದು ನೋಡೋಣ. ನಾನೇನೂ ಮಾತು ಕೊಡಲ್ಲ.”

ಎರಡು ದಿನ ಕಾದೆವು. ಆ ನಡುವೆ ಅಗ್ನಿಶಾಮಕದವರು ಗೋಡೆ ಒಡೆದು ನೋಡಿದ ಸುದ್ದಿಯನ್ನು ತಾತ ತಂದ. ನಮ್ಮ ಉದ್ದನೆಯ ಬೋಲ್ಟ್ ಹೊಗೆಗೂಡಿನ ಇಟ್ಟಿಗೆಯನ್ನು ತೂರಿ ಹೊಗೆಯ ದಾರಿಗೆ ಅಡ್ಡವಾಗಿ ಒಳಗೆ ಚಾಚಿಕೊಂಡಿತ್ತಂತೆ. ಜಾಲರಿಯ ಭಾರಕ್ಕೆ ಅಲ್ಲಿಂದ ಕೆಳಗೂ ಮೇಲೂ, ಹೂವಿನ ಪಟ್ಟಿ ಇದ್ದ ಉದ್ದಕ್ಕೂ, ಬಿರುಕು ಬಿಟ್ಟು, ಅದು ಅಕ್ಕನ ಬೀರುವಿನ ಹಿಂದೆ ಬಾಯ್ದೆರೆದಿತ್ತಂತೆ. ತಾತ ಇದನ್ನು ನನಗೊಬ್ಬಳಿಗೇ, ಆಸ್ಪತ್ರೆಯ ಮೆಟ್ಟಿಲ ಮೇಲೆ, ತಲೆ ತಗ್ಗಿಸಿಕೊಂಡು ಹೇಳಿದ. ಶಿಲ್ಪಿಯ ಫೋನು ಆಮೇಲೆ ಹತ್ತಲಿಲ್ಲ.

ಮೂರನೇ ಬೆಳಿಗ್ಗೆ ನರ್ಸು ಯಂತ್ರವನ್ನು ಅಕ್ಕನ ಹೊಟ್ಟೆಯ ಮೇಲೆ ಆಡಿಸಿದಳು. ಜಾಗ ಬದಲಿಸಿದಳು. ಮತ್ತೆ ಬದಲಿಸಿದಳು. ಆಮೇಲೆ ಡಾಕ್ಟರಮ್ಮನನ್ನು ಕರೆಯಲು ಹೋದಳು. ಅಕ್ಕ ಚಾವಣಿ ನೋಡುತ್ತ ಮಲಗಿದ್ದಳು. ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಹೆಣ್ಣುಮಗು. ಭಾವ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಒಬ್ಬರೇ ಹೋದರು. ನಾನೂ ಬರುತ್ತೇನೆ ಎಂದೆ, ಬೇಡ, ನಿನ್ನ ಅಕ್ಕನ ಹತ್ತಿರ ಇರು ಎಂದರು. ಹೋಗುವ ಮುಂಚೆ ನನ್ನ ತಲೆಯ ಮೇಲೆ ಕೈಯಿಟ್ಟರು. “ನೀನಿಲ್ದಿದ್ರೆ ಇವಳೂ ನನಗೆ ಉಳೀತಿರ್ಲಿಲ್ಲ. ನಿನ್ನ ಋಣ ಹೇಗಮ್ಮಾ ತೀರಿಸ್ಲಿ,” ಎಂದರು. ಆ ಕೈಯ ಭಾರ ಹೊರಲು ನನ್ನಿಂದಾಗಲಿಲ್ಲ.

ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ನಾನು ಅಳುತ್ತಿದ್ದೆ. ಅಕ್ಕ ಅಳುತ್ತಿರಲಿಲ್ಲ. ಮಗುವನ್ನು ಕಳೆದುಕೊಂಡವಳು ಅವಳು, ಸಮಾಧಾನ ಮಾಡುತ್ತಿದ್ದವಳೂ ಅವಳೇ. ನನ್ನ ಕೈ ಹಿಡಿದುಕೊಂಡು, “ಅಳ್ಬೇಡ ಕಣೇ. ಹೇಗೆ ಬಂದೆ ನೀನು, ಆ ಗಾಜು ಒಡ್ಕೊಂಡು? ಕೈಯೆಲ್ಲ ಕುಯ್ದುಹೋಗಿದೆ ನೋಡು,” ಎಂದಳು. ನನ್ನ ಅಂಗೈಯ ಪಟ್ಟಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು.

ಸುಮ್ಮನಿದ್ದರೆ ಆಗುತ್ತಿತ್ತು. ತಾತ ಬಾಯಿ ಬಿಡುವವನಲ್ಲ, ಶಿಲ್ಪಿ ಕಣ್ಣಿಗೇ ಬೀಳುವವರಲ್ಲ. ಆದರೆ ನನಗೆ ಸಲ್ಲದ ಹೊಗಳಿಕೆಯನ್ನು ಒಂದು ಸಲ ನುಂಗಿ ಆಗಿತ್ತು.

“ಅಕ್ಕಾ, ಆ ಗೋಡೆಗೆ ತೂತು ಹಾಕಿದ್ದು ನಾನೇ.”

ಹೆಬ್ಬೆರಳು ಹಾಗೇ ನಿಂತಿತು. ನಾನು ಎಲ್ಲ ಹೇಳಿದೆ. ಡ್ರಿಲ್ ಇಳಿದದ್ದು, ಬೋಲ್ಟ್, ಸೇಬಿನ ಗುಟ್ಟು, ಹೊಗೆ ಕೊಟ್ಟರೂ ಹೂ ಬರುತ್ತದೆಂದು ನನಗೆ ಗೊತ್ತಿದ್ದದ್ದು, ಶಿಲ್ಪಿ ಮಾಡಿದರೆಂದು ನಾನೂ, ನಾನು ಮಾಡಿದೆನೆಂದು ಅವರೂ ಅಂದುಕೊಂಡು ಬಾಯಿ ಮುಚ್ಚಿಕೊಂಡಿದ್ದು. ಗಂಟು ನನ್ನದೇ ಎಂದು ಕಂಡ ದಿನ ಕೇಳದೆ ಬಿಟ್ಟದ್ದನ್ನೂ ಹೇಳಿದೆ.

“ತೂತು ಬಿಡು,” ಎಂದಳು ಕೊನೆಗೆ. “ಅದು ಗೊತ್ತಿಲ್ದೆ ಆಗಿದ್ದು. ಮೊದಲ ಹೂ ಕಂಡಿದ್ದಕ್ಕೂ ನೀನು ಅವರ ಷೆಡ್ಡಿಗೆ ಹೋಗಿದ್ದಕ್ಕೂ ಎಷ್ಟು ದಿನ?”

“ಮೂವತ್ತೆರಡು.”

“ಮೂವತ್ತೆರಡು ದಿನ.” ಅವಳ ಧ್ವನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. “ದಾರೀಲಿ ಹೋಗೋರನ್ನೆಲ್ಲ ನಿಲ್ಲಿಸಿ ಬೈಯೋಳು ನೀನು. ಆ ಮನುಷ್ಯನನ್ನ ಒಂದು ಮಾತು ಕೇಳೋಕೆ ಮೂವತ್ತೆರಡು ದಿನ ಸಾಲ್ಲಿಲ್ವಾ ನಿಂಗೆ?”

ಅಕ್ಕ ನನ್ನ ಕೈಯನ್ನು ಹಾಸಿಗೆಯ ಮೇಲೆ ಇಟ್ಟು, ತನ್ನ ಕೈ ತೆಗೆದುಕೊಂಡಳು. ಆಮೇಲೆ ಗೋಡೆ ಕಡೆ ತಿರುಗಿ ಮಲಗಲಿಲ್ಲ, ನನ್ನನ್ನೇ ನೋಡುತ್ತ ಮಲಗಿದಳು, ನಾನು ಉತ್ತರ ಹೇಳಲಿ ಎಂದು.